ಉತ್ತರದ ಜೊತೆ ಲೆಕ್ಕವನ್ನೂ ಕೊಡಿ: ಗೂಢ ಪದಬಂಧದ ಸುಳಿವು ಬಿಡಿಸುವುದು, ಬಿಡಿಸಿ ಹೇಳುವುದು

ಬೋರ್ಡಿನ ಮೇಲೆ ಒಂದು ಸಾಲು ಬರೆದಿದ್ದೇನೆ. ಓದಿಕೊಳ್ಳಿ.

ಮಂಗ ತಿರುಗಿದರೆ ಕೋಗಿಲೆ (2)

ಕೊನೆಯಲ್ಲಿರುವ 2 ಅಂದರೆ ಉತ್ತರಕ್ಕೆ ಎರಡಕ್ಷರ. ಮಾಮೂಲಿ ಪದಬಂಧವಾಗಿದ್ದರೆ ಇಲ್ಲಿ 'ಕೋಗಿಲೆ' ಅಂತಷ್ಟೇ ಇರುತ್ತಿತ್ತು. ಪಿಕ ಅನ್ನುವ ಪದ ಗೊತ್ತಿದ್ದವರು ಬರೆಯುತ್ತಿದ್ದರು, ಗೊತ್ತಿಲ್ಲದವರು ಮುಂದಿನ ಸುಳಿವಿಗೆ ಹೋಗುತ್ತಿದ್ದರು. ಈ ಸಾಲಿನಲ್ಲಿ ಗೊತ್ತಿಲ್ಲದವರಿಗೂ ಒಂದು ದಾರಿ ಇದೆ. ಮಂಗನಿಗೆ ಎರಡಕ್ಷರದ ಇನ್ನೊಂದು ಹೆಸರು ಕಪಿ. ಅದನ್ನು ಹಿಂದಿನಿಂದ ಓದಿ: ಪಿಕ. ಈಗ ನಿಘಂಟು ತೆಗೆಯಿರಿ, ಪಿಕ ಅಂದರೆ ಕೋಗಿಲೆ. ಆ ಪದವನ್ನು ಹುಟ್ಟಿದಾಗಿನಿಂದ ಕೇಳಿರದವರೂ ಅದನ್ನು ತಾವೇ ಕಟ್ಟಿ ನಿಲ್ಲಿಸಬಹುದು.

ಗೂಢ ಪದಬಂಧ, ಅಂದರೆ ಇಂಗ್ಲಿಷಿನಲ್ಲಿ ಕ್ರಿಪ್ಟಿಕ್ ಅಂತ ಕರೆಯುವ ಬಗೆ, ನಿಂತಿರುವುದು ಇದರ ಮೇಲೆ. ಪ್ರತಿ ಸುಳಿವಿನಲ್ಲೂ ಒಂದೇ ಉತ್ತರಕ್ಕೆ ಎರಡು ದಾರಿ ಇರುತ್ತದೆ. ಒಂದು ನೇರ ಅರ್ಥ, ಇನ್ನೊಂದು ಪದದ ಕಸರತ್ತು. ಎರಡೂ ಒಂದೇ ಕಡೆ ಬಂದು ಸೇರಿದರೆ ಉತ್ತರ ಸರಿ. ನಾಳೆಯ ಪೇಪರಿಗೆ ಕಾಯಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಸರಿಯೋ ತಪ್ಪೋ ಅನ್ನುವುದನ್ನು ಸುಳಿವೇ ಹೇಳುತ್ತದೆ.

ಗೂಢವಾಗಿ ಹೇಳುವ ಚಾಳಿ ನಮಗೆ ಹೊಸದೇನಲ್ಲ. ಹಳ್ಳಿ ಮನೆಗಳಲ್ಲಿ ಒಗಟು ಇದೆ. ಅಲ್ಲಮನ ಬೆಡಗಿನ ವಚನಗಳಿವೆ. ಕನಕದಾಸರ ಮುಂಡಿಗೆಗಳನ್ನು ಬಿಡಿಸಲು ಇವತ್ತಿಗೂ ಪಂಡಿತರು ಕೂರುತ್ತಾರೆ. ಆದರೆ ಒಂದು ವ್ಯತ್ಯಾಸ ನೋಡಿ. ಒಗಟಿಗೆ ನೀವು ಒಂದು ಉತ್ತರ ಹೇಳುತ್ತೀರಿ, ಕೇಳಿದವರು 'ಅದಲ್ಲ' ಅನ್ನುತ್ತಾರೆ. ನಿಮ್ಮದೂ ಹೊಂದುತ್ತಿರಬಹುದು, ಆದರೆ ತೀರ್ಪು ಅವರ ಕೈಯಲ್ಲಿ. ಮುಂಡಿಗೆಗೆ ಇಬ್ಬರು ಪಂಡಿತರು ಎರಡು ಅರ್ಥ ಹೇಳಿದರೆ ಎರಡೂ ನಿಲ್ಲಬಹುದು. ಗೂಢ ಸುಳಿವಿನಲ್ಲಿ ಹಾಗಾಗಬಾರದು. ಬರೆದವರು ಎದುರಿಗೆ ಇಲ್ಲದಿದ್ದರೂ ಅವರು ಯೋಚಿಸಿದ ಪದಕ್ಕೇ ನೀವು ಬಂದು ತಲುಪಬೇಕು.

ಈ ಆಟ ಶುರುವಾದದ್ದು ಎಲ್ಲಿ ಅಂತ ಬೇಗ ಹೇಳಿ ಮುಗಿಸುತ್ತೇನೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಅನ್ನುವವರು ವಜ್ರದ ಆಕಾರದ ಒಂದು ಪದಬಂಧ ಹಾಕಿದರು. ವಿನ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಅವರ ಸುಳಿವುಗಳೆಲ್ಲ ನೇರ ಅರ್ಥದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆಟ ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬಂತು, ಅಲ್ಲಿ ಅದರ ಸ್ವಭಾವವೇ ಬದಲಾಯಿತು. ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಅನ್ನುವ ಅನುವಾದಕರು 'ಟಾರ್ಕ್ವೆಮಾಡಾ' ಅನ್ನುವ ಹೆಸರಿನಲ್ಲಿ 1926ರಿಂದ ದಿ ಅಬ್ಸರ್ವರ್ ಪತ್ರಿಕೆಗೆ ಪೂರ್ತಿ ಗೂಢವಾದ ಪದಬಂಧ ಕೊಡತೊಡಗಿದರು. ಟಾರ್ಕ್ವೆಮಾಡಾ ಸ್ಪೇನಿನಲ್ಲಿ ಜನರನ್ನು ಧರ್ಮದ ಹೆಸರಿನಲ್ಲಿ ವಿಚಾರಣೆಗೆ ಗುರಿಪಡಿಸಿ ಹಿಂಸಿಸಿದ ಅಧಿಕಾರಿ. ಬಿಡಿಸುವವರನ್ನು ಹಿಂಸಿಸುತ್ತೇನೆ ಅಂತ ಹೆಸರಿನಲ್ಲೇ ಹೇಳಿಕೊಂಡಿದ್ದರು. 1939ರಲ್ಲಿ ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಡೆರಿಕ್ ಸಾಮರ್‌ಸೆಟ್ ಮ್ಯಾಕ್‌ನಟ್, ಶಾಲೆಯಲ್ಲಿ ಗ್ರೀಕ್ ಲ್ಯಾಟಿನ್ ಪಾಠ ಮಾಡುತ್ತಿದ್ದವರು. ಅವರೂ ಅಂಥದ್ದೇ ಇನ್ನೊಬ್ಬ ಅಧಿಕಾರಿಯ ಹೆಸರು ಹುಡುಕಿಕೊಂಡರು: ಝಿಮಿನೀಸ್. 1972ರಲ್ಲಿ ಅವರ ನಂತರ ಬಂದ ಜೊನಾಥನ್ ಕ್ರೌದರ್ ಇಟ್ಟುಕೊಂಡ ಹೆಸರು ಅಝೆಡ್. ಡೆಝಾ ಅನ್ನುವ ಇನ್ನೊಬ್ಬ ಅಧಿಕಾರಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಿರುಗಿಸಿ ಓದಿದರೆ ಬರುವುದು ಅದೇ. ಅದರಲ್ಲಿ ಎ ಇಂದ ಝೆಡ್‌ವರೆಗೆ ಅನ್ನುವುದೂ ಕೇಳಿಸುತ್ತದೆ. ಹೆಸರೇ ಒಂದು ಸುಳಿವು.

ಈ ಪೈಕಿ ನನಗೆ ಮುಖ್ಯ ಅನ್ನಿಸುವವರು ಝಿಮಿನೀಸ್. ಅವರಿಗಿಂತ ಮುಂಚೆಯೇ ಅಲಿಸ್ಟರ್ ಫರ್ಗ್ಯುಸನ್ ರಿಚಿ, ಪದಬಂಧದ ಹೆಸರು ಆಫ್ರಿಟ್, ಒಂದು ನಿಯಮ ಹೇಳಿದ್ದರು. ಸುಳಿವು ಬರೆಯುವವನು ಮೇಲ್ನೋಟಕ್ಕೆ ಬೇರೇನೋ ಹೇಳುವಂತೆ ತೋರಿಸಬಹುದು, ಆದರೆ ತಾನು ಹೇಳಬೇಕಾದ್ದನ್ನು ಹೇಳಿರಲೇಬೇಕು ಅಂತ. ಝಿಮಿನೀಸ್ ಅದನ್ನೇ ಬೆಳೆಸಿ ಒಂದು ಶಿಸ್ತು ಮಾಡಿದರು. ಸುಳಿವಿನಲ್ಲಿ ಮೂರೇ ಇರಬೇಕು: ನಿಖರವಾದ ಅರ್ಥ, ನ್ಯಾಯವಾದ ಕಸರತ್ತು, ಇನ್ನು ಮೂರನೆಯದಾಗಿ, ಬೇರೆ ಏನೂ ಇರಬಾರದು. ಈ ಮೂರನೆಯದೇ ಕಷ್ಟ. ವಾಕ್ಯ ಚೆಂದ ಕಾಣಲಿ ಅಂತ ಸುಮ್ನೆ ಒಂದು ಪದ ಸೇರಿಸುವಂತಿಲ್ಲ. ಓದುವವರ ದಿಕ್ಕು ತಪ್ಪಿಸುವುದಕ್ಕೆ ಪೂರ್ತಿ ಸ್ವಾತಂತ್ರ್ಯ ಇದೆ, ಸುಳ್ಳು ಹೇಳುವುದಕ್ಕೆ ಇಲ್ಲ.

ಈಗ ನಮ್ಮ ಸಾಲಿಗೆ ವಾಪಸ್ ಬರೋಣ. ಮಂಗ, ತಿರುಗಿದರೆ, ಕೋಗಿಲೆ. ಮೂರು ಪದಕ್ಕೂ ಕೆಲಸ ಇದೆ. 'ಕೋಗಿಲೆ' ಅರ್ಥ. 'ಮಂಗ' ಕಸರತ್ತಿಗೆ ಸಾಮಾನು. 'ತಿರುಗಿದರೆ' ಅನ್ನುವುದು ಆ ಸಾಮಾನನ್ನು ಏನು ಮಾಡಬೇಕು ಅಂತ ಹೇಳುವ ಸೂಚಕ. ಅರ್ಥ ಯಾವಾಗಲೂ ಸುಳಿವಿನ ಒಂದು ತುದಿಯಲ್ಲಿರುತ್ತದೆ, ಮೊದಲಲ್ಲಿ ಅಥವಾ ಕೊನೆಯಲ್ಲಿ. ನಡುವೆ ಇರುವುದಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ. ಸುಳಿವು ನೋಡಿದ ಕೂಡಲೇ ಇಡೀ ವಾಕ್ಯದ ಅರ್ಥ ಹಿಡಿದು ಕೂರಬೇಡಿ. ಎಲ್ಲಿ ಕತ್ತರಿಸಬೇಕು ಅಂತ ಹುಡುಕಿ.

ಇನ್ನೊಂದು ನೋಡೋಣ.

ಹುಡುಕು ದೊರೆ (3)

ಎರಡೇ ಪದ. ಸೂಚಕ ಕಾಣುತ್ತಿಲ್ಲ. ಹಾಗಾದರೆ ಎರಡೂ ಅರ್ಥಗಳೇ ಇರಬೇಕು. ಹುಡುಕುವುದಕ್ಕೂ ದೊರೆಗೂ ಒಂದೇ ಪದ ಯಾವುದು? ಹೌದು, ಮುಂದಿನ ಸಾಲಿನವರು ಹೇಳಿಬಿಟ್ಟರು: ಅರಸು. ಇದು ದ್ವಂದ್ವ ಅರ್ಥದ ಸುಳಿವು. ಕನ್ನಡದಲ್ಲಿ ಇದಕ್ಕೆ ಬರವಿಲ್ಲ. ಸಂಖ್ಯೆ, ಕ್ರಿಯಾಪದ ಎರಡೂ ಆಗಿರುವ ಪದ ಬೇಕಾ? 'ಒಂಬತ್ತಾದ ಮೇಲೆ ಏರು (2)'. ಹತ್ತು.

'ಹುಡುಕು ದೊರೆ' ಬಗ್ಗೆ ಇನ್ನೂ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಸುಳಿವು ಬರೆಯುವವರ ದೊಡ್ಡ ತಲೆನೋವು ಇದರಲ್ಲೇ ಇದೆ. ಸಹಜವಾಗಿ ಬರೆಯುವುದಾದರೆ ನಾವು 'ರಾಜನನ್ನು ಹುಡುಕು' ಅಂತ ಬರೆಯುತ್ತೇವೆ. ವಾಕ್ಯ ಇನ್ನೂ ಚೆನ್ನಾಗಿದೆ, ಅಲ್ವಾ? ಆದರೆ ಅಲ್ಲಿ 'ಅನ್ನು' ಬಂತು. ಉತ್ತರ ಅರಸು, ಅರಸನ್ನು ಅಲ್ಲ. ಆ ವಿಭಕ್ತಿಗೆ ಲೆಕ್ಕ ಯಾರು ಕೊಡುತ್ತಾರೆ? ಇಂಗ್ಲಿಷಿನಲ್ಲಿ ಈ ಸಂಬಂಧ ತೋರಿಸುವ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಬೇಕಾದಲ್ಲಿ ಇಡಬಹುದು, ಬೇಡವಾದರೆ ತೆಗೆಯಬಹುದು. ನಮ್ಮಲ್ಲಿ ಅವು ಪದದ ಬಾಲಕ್ಕೇ ಅಂಟಿಕೊಂಡಿರುತ್ತವೆ. ಆದ್ದರಿಂದ 'ಹುಡುಕು ದೊರೆ' ಅಂತ, ದೊರೆಯನ್ನು ಕರೆದು ಹೇಳಿದ ಹಾಗೆ ಬರೆದರೆ ಎರಡು ಪದವೂ ಬರಿಮೈಯಲ್ಲಿ ನಿಲ್ಲುತ್ತವೆ.

ಭಾಷೆ ಒಂದು ಕಡೆ ಕಟ್ಟಿಹಾಕಿದರೆ ಇನ್ನೊಂದು ಕಡೆ ಬಿಟ್ಟುಕೊಡುತ್ತದೆ. ಜೀವ ಇಲ್ಲದ ವಸ್ತುವಿಗೆ ನಾವು 'ಅನ್ನು' ಹಚ್ಚಲೇಬೇಕು ಅಂತಿಲ್ಲ. ನೀರು ಕುಡಿ, ಪುಸ್ತಕ ಓದು, ಮನೆ ಕಟ್ಟು. ಹಾಗಾಗಿ ಈ ಸುಳಿವು ಯಾವ ತಕರಾರೂ ಇಲ್ಲದೆ ನಿಲ್ಲುತ್ತದೆ:

ಶಿರ ಬಿಕರಿ ಮಾಡು ಎಂದ ಪೀಳಿಗೆ (4)

ಶಿರ ಅಂದರೆ ತಲೆ. ಬಿಕರಿ ಮಾಡು ಅಂದರೆ ಮಾರು. ಎರಡನ್ನೂ ಪಕ್ಕಪಕ್ಕ ಇಡಿ: ತಲೆಮಾರು. ಅದೇ ಪೀಳಿಗೆ. 'ಎಂದ' ಅನ್ನುವುದು ಕಸರತ್ತನ್ನೂ ಅರ್ಥವನ್ನೂ ಜೋಡಿಸುವ ಕೊಂಡಿ. ಕೊಂಡಿಗಳಿಗೆ ಅನುಮತಿ ಇದೆ, ಆದರೆ ಅವು ಚಿಕ್ಕದಾಗಿರಬೇಕು, ದಿಕ್ಕು ಸರಿಯಾಗಿರಬೇಕು. ಇಂಥ ಸುಳಿವುಗಳನ್ನು ಕೂಡಿಕೆ ಅಂತ ಕರೆಯೋಣ.

ಇನ್ನು ಅಕ್ಷರ ಕಲಸುವ ಸುಳಿವು. ಇಂಗ್ಲಿಷಿನಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಯಾಕೆಂದರೆ ಅಲ್ಲಿ ಒಂದೊಂದು ಅಕ್ಷರವೂ ಬಿಡಿ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತಕ್ಷರ ಸಮೇತ. 'ಹತ್ತು' ಎರಡೇ ಮನೆ. ಕಲಸುವಾಗಲೂ 'ತ್ತು' ಹಾಗೇ ಓಡಾಡಬೇಕು, ಅದನ್ನು ಒಡೆಯುವಂತಿಲ್ಲ. ಅದಕ್ಕೇ ಕನ್ನಡದಲ್ಲಿ ಕಲಸಿದರೂ ಅರ್ಥ ಬರುವ ಪದಗಳು ಕಡಿಮೆ. ಸಿಕ್ಕಾಗ ಮಾತ್ರ ಬಹಳ ಸೊಗಸು. 'ಮನದ' ಅನ್ನುವ ಮೂರಕ್ಷರ ತೆಗೆದುಕೊಳ್ಳಿ.

ಮನದ ಗೊಂದಲವೇ ಕಾಮ (3)
ಮನದ ಗೊಂದಲ ಹತ್ತಿಕ್ಕುವುದು (3)

ಎರಡರಲ್ಲೂ ಸಾಮಾನು ಒಂದೇ, ಸೂಚಕವೂ ಒಂದೇ. 'ಗೊಂದಲ' ಅಂದರೆ ಅಕ್ಷರ ಕಲಸು ಅಂತ. ಮೊದಲನೆಯದಕ್ಕೆ ಉತ್ತರ ಮದನ, ಎರಡನೆಯದಕ್ಕೆ ದಮನ. ಕಸರತ್ತು ನಿಮ್ಮನ್ನು ಎರಡು ಬಾಗಿಲವರೆಗೆ ತರುತ್ತದೆ, ಯಾವುದನ್ನು ತೆಗೆಯಬೇಕು ಅಂತ ಹೇಳುವುದು ಅರ್ಥ. ಎರಡು ದಾರಿ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತುದಿ ಕತ್ತರಿಸುವ ಸುಳಿವುಗಳಿವೆ. 'ಕೊನೆ ಸುಟ್ಟ ದೀಪವೇ ದುಡ್ಡು (2)': ಹಣತೆಯ ಕೊನೆಯ ಅಕ್ಷರ ಹೋದರೆ ಹಣ. ಎರಡೂ ಕಡೆಯಿಂದ ಒಂದೇ ಆಗಿ ಓದುವ ಪದಗಳಿವೆ. 'ಯಾವ ಕಡೆಯಿಂದ ನೋಡಿದರೂ ಕಣ್ಣು (3)': ನಯನ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನೋಡಿದರೆ ತಿಳಿಯುತ್ತದೆ.

ನಿಲ್ಲಬೇಕಾದದ್ದು ಅಡಗಿದ ಪದದ ಹತ್ತಿರ. ಮೊದಲು ಸುಲಭದ್ದು.

ಲೇಖಕ ಮಲಗಿದಾಗ ಒಳಗೆ ಅರಳಿದ ಹೂವು (3)

'ಒಳಗೆ' ಸೂಚಕ. 'ಲೇಖಕ ಮಲಗಿದಾಗ' ಅನ್ನುವುದರ ಒಳಗೇ ನೋಡಿ. ಲೇಖಕನ ಕೊನೆಯ 'ಕ', ಮಲಗಿದಾಗದ 'ಮಲ'. ಕಮಲ. ಉತ್ತರ ಕಣ್ಣೆದುರಿಗೇ ಬರೆದಿಟ್ಟಿದೆ, ಆದರೂ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ? ನಾವು ಪದಗಳ ನಡುವಿನ ಖಾಲಿ ಜಾಗವನ್ನು ನಂಬುತ್ತೇವೆ. ಓದುವಾಗ ಕಣ್ಣು ಅಲ್ಲಿ ನಿಂತು ಮುಂದೆ ಹೋಗುತ್ತದೆ. ಆ ಜಾಗವನ್ನು ಅಳಿಸಿ, 'ಲೇಖಕಮಲಗಿದಾಗ' ಅಂತ ಒಟ್ಟಿಗೆ ಬರೆದು ನೋಡಿ, ಕೂಡಲೇ ಹೊರಬರುತ್ತದೆ. ಮನೆಯಲ್ಲಿ ಕೂತು ಬಿಡಿಸುವಾಗಲೂ ಹೀಗೇ ಮಾಡಿ, ಅನುಮಾನ ಬಂದ ಪದಗಳನ್ನು ಜಾಗ ಬಿಡದೆ ಪಕ್ಕದಲ್ಲಿ ಬರೆದುಕೊಳ್ಳಿ.

ಈಗ ಸ್ವಲ್ಪ ಕಷ್ಟದ್ದು.

ಅವ ದನಗಳ ನಡುವೆ ಇಣುಕಿದ ಮುಖ (3)

ಚೌಕದಲ್ಲಿ ಮೂರನೆಯ ಮನೆಗೆ ಬೇರೆ ಪದದಿಂದ 'ನ' ಬಂದಿದೆ ಅಂತ ಇಟ್ಟುಕೊಳ್ಳಿ. ಮುಖ ಅನ್ನುವ ಅರ್ಥದ, ಮೂರಕ್ಷರದ, 'ನ' ಇಂದ ಮುಗಿಯುವ ಪದ. ಹೇಳಿ. ಎಡಗಡೆಯಿಂದ 'ಆನನ' ಅಂತ ಬಂತು. ಗಜಾನನ, ಪಂಚಾನನ ನೆನಪಾಗಿರಬೇಕು. ಅರ್ಥ ಸರಿ, ಅಕ್ಷರದ ಲೆಕ್ಕ ಸರಿ, ಕೊನೆಯ 'ನ' ಕೂಡ ಸರಿ. ಪೆನ್ನಿನಲ್ಲಿ ಬರೆದುಬಿಡಬಹುದು ಅನ್ನಿಸುತ್ತದೆ. ಆದರೆ ನಾನು ಕೇಳುತ್ತೇನೆ: 'ಅವ' ಯಾಕೆ ಇದೆ? ದನ ಯಾಕೆ ಬಂತು? 'ನಡುವೆ ಇಣುಕಿದ' ಅಂತ ಯಾಕೆ ಬರೆದರು? ಆನನಕ್ಕೂ ಈ ಪದಗಳಿಗೂ ಏನು ಸಂಬಂಧ? ಉತ್ತರ ಇಲ್ಲ. ಹಾಗಾದರೆ ಅಲ್ಲಿಗೆ ನಿಲ್ಲಿಸಿ. 'ಅವ ದನಗಳ' ಅನ್ನುವುದನ್ನು ಒಟ್ಟಿಗೆ ಓದಿ. ಅ, ವ, ದ, ನ, ಗ, ಳ. ನಡುವೆ ಇಣುಕುತ್ತಿರುವುದು ವದನ. ಅದೂ ಮುಖವೇ, ಅದೂ 'ನ' ಇಂದಲೇ ಮುಗಿಯುತ್ತದೆ. ಈಗ ಪ್ರತಿ ಪದಕ್ಕೂ ಲೆಕ್ಕ ಸಿಕ್ಕಿತು.

ಈ ಉಪನ್ಯಾಸದಲ್ಲಿ ಒಂದೇ ಒಂದು ಮಾತು ಒತ್ತಿ ಹೇಳಬೇಕು ಅಂದರೆ ನಾನು ಹೇಳುವುದು ಇದನ್ನೇ. ಉತ್ತರ ಹೊಳೆಯುವುದು ಒಂದು ಘಟ್ಟ, ಅದನ್ನು ವಿವರಿಸಲು ಬರುವುದು ಇನ್ನೊಂದು. ಎರಡನೆಯದು ಮುಗಿಯುವ ತನಕ ಸುಳಿವು ಬಿಡಿಸಿದ ಹಾಗೆ ಆಗುವುದಿಲ್ಲ. ಅರ್ಥದಿಂದ ಜಿಗಿದು ಚೌಕ ತುಂಬಿಸುತ್ತಾ ಹೋಗುವವರು ಬಹಳ ಜನ ಇದ್ದಾರೆ. ಚೌಕ ತುಂಬುತ್ತದೆ, ಆದರೆ ಸುಳಿವು ಬರೆದವರು ಎಷ್ಟು ಕಷ್ಟಪಟ್ಟು ಅಡಗಿಸಿಟ್ಟಿದ್ದರೋ ಅದು ಹಾಗೇ ಉಳಿದುಹೋಗುತ್ತದೆ.

ಬೇಗ ಬಿಡಿಸುವುದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಅದಕ್ಕೆ ಬಹಳ ಬೆಲೆ ಇತ್ತು. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ ಓದುಗರನ್ನು ಕಚೇರಿಗೆ ಕರೆಸಿ, 12 ನಿಮಿಷದಲ್ಲಿ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಪತ್ರಿಕೆಯ ಪದಬಂಧ ತೀರಾ ಸುಲಭ ಅನ್ನುವ ದೂರಿನಿಂದ ಶುರುವಾದದ್ದು ಅದು. ಅಲ್ಲಿ ಬಂದು ಬಿಡಿಸಿದ ಕೆಲವರಿಗೆ ಆಮೇಲೆ ಯುದ್ಧ ಕಚೇರಿಯಿಂದ ಪತ್ರ ಬಂತು. ಅವರು ಹೋಗಿ ಸೇರಿದ್ದು ಬ್ಲೆಚ್ಲಿ ಪಾರ್ಕಿಗೆ, ಜರ್ಮನರ ಗುಪ್ತ ಸಂದೇಶಗಳನ್ನು ಒಡೆಯುತ್ತಿದ್ದ ಜಾಗಕ್ಕೆ. ಆ ಕೆಲಸಕ್ಕೆ ಇಂಥವರನ್ನೇ ಯಾಕೆ ಆರಿಸಿದರು ಅಂತ ಯೋಚಿಸಿದರೆ ನನಗೆ ಕಾಣುವುದು ಒಂದು ಅಭ್ಯಾಸ: ಒಂದು ಸಾಲು ಮೇಲ್ನೋಟಕ್ಕೆ ಏನು ಹೇಳುತ್ತಿದೆಯೋ ಅದನ್ನು ಪಕ್ಕಕ್ಕಿಟ್ಟು, ಅದು ಹೇಗೆ ಕಟ್ಟಲ್ಪಟ್ಟಿದೆ ಅಂತ ನೋಡುವ ಅಭ್ಯಾಸ.

ನಮ್ಮ ಕಡೆಗೆ ಬಂದರೆ, ದಿ ಹಿಂದೂ ಪತ್ರಿಕೆಯ ಇಂಗ್ಲಿಷ್ ಗೂಢ ಪದಬಂಧದಿಂದ ಈ ರುಚಿ ಹತ್ತಿಸಿಕೊಂಡವರು ಬೆಂಗಳೂರಿನಲ್ಲೂ ತುಂಬಾ ಜನ ಇದ್ದೀರಿ. ಆ ಪತ್ರಿಕೆಗೆ ಪದಬಂಧ ರಚಿಸಿದವರಲ್ಲಿ ವೈಸ್ ಅಡ್ಮಿರಲ್ ರಾಮ್ ದಾಸ್ ಕಟಾರಿ ಒಬ್ಬರು. ನಮ್ಮ ನೌಕಾಪಡೆಗೆ ಮುಖ್ಯಸ್ಥರಾದ ಮೊದಲ ಭಾರತೀಯ ಅವರೇ. ಕನ್ನಡದಲ್ಲಿ ಅ.ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದರು. ಕನ್ನಡದ ಪದಬಂಧಗಳಲ್ಲಿ ಸುಳಿವಿನ ಕೊನೆಗೆ 'ತಿರುಗಿದೆ', 'ಚದುರಿದೆ' ಅಂತ ಸೇರಿಸಿರುವುದನ್ನು ನೀವು ನೋಡಿರುತ್ತೀರಿ. ಅದು ಗೂಢ ಸುಳಿವಿನ ಹೊಸಿಲು. ಅಲ್ಲಿಂದ ಒಂದು ಹೆಜ್ಜೆ ಒಳಗೆ ಇಟ್ಟರೆ 'ತಿರುಗಿದೆ' ಅನ್ನುವುದೇ ವಾಕ್ಯದ ಕಥೆಯ ಭಾಗವಾಗಿಬಿಡುತ್ತದೆ, ಹೊರಗಿನಿಂದ ಅಂಟಿಸಿದ ಚೀಟಿಯಾಗಿ ಉಳಿಯುವುದಿಲ್ಲ.

ಆ ಹೆಜ್ಜೆಗೆ ಕನ್ನಡದಲ್ಲೇ ಬೇಕಾದಷ್ಟು ಸಾಮಾನಿದೆ. ಇಂಗ್ಲಿಷ್ ಸುಳಿವು ಬರೆಯುವವರಿಗೆ ಒಂದಕ್ಷರ ಬೇಕಾದರೆ ರೋಮನ್ ಅಂಕಿ, ದಿಕ್ಕಿನ ಹೆಸರಿನ ಮೊದಲಕ್ಷರ, ಹೀಗೆ ಹತ್ತಾರು ಸಂಕ್ಷೇಪ ಇವೆ. ನಮಗೇನಿದೆ ಅಂತ ಕೇಳುತ್ತಾರೆ. ನಮಗೆ ಸ ರಿ ಗ ಮ ಪ ದ ನಿ ಇದೆ. ಏಳು ಸ್ವರ, ಏಳು ಅಕ್ಷರ, ಒಂದೊಂದಕ್ಕೂ ಷಡ್ಜ, ಋಷಭ, ಗಾಂಧಾರ ಅಂತ ಪೂರ್ತಿ ಹೆಸರು. ಆ, ಈ ಇವೆ. ಕೈ, ಮೈ, ಹೂ, ಬಾ, ತಾ, ನೀ ಇವೆ. ಒಂದೇ ಅಕ್ಷರದ ಇಷ್ಟು ಪದಗಳು ದಿನದ ಬಳಕೆಯಲ್ಲಿರುವುದು ಸುಳಿವು ಬರೆಯುವವರ ಭಾಗ್ಯ. ನೋಡಿ:

ಮನುಷ್ಯನೊಳಗೆ ಗಾಂಧಾರ ಮಿಡಿದರೆ ಪಟ್ಟಣ (3)

ಇದನ್ನು ಇಟ್ಟುಕೊಂಡೇ ವಿವರಿಸುವುದು ಹೇಗೆ ಅಂತ ಹೇಳುತ್ತೇನೆ. ಪಕ್ಕದವರು 'ಇದು ಗೊತ್ತಾಗ್ಲಿಲ್ಲ' ಅಂತ ಕೇಳಿದರು ಅನ್ನಿ. ನಮ್ಮಲ್ಲಿ ಬಹಳ ಜನ ಮಾಡುವುದು ಏನು? 'ಓ ಅದಾ, ನಗರ' ಅಂದುಬಿಡುವುದು. ಮುಗಿಯಿತು. ಕೇಳಿದವರಿಗೆ ಸಿಗಬೇಕಾಗಿದ್ದ ಖುಷಿಯನ್ನು ಒಂದೇ ಪದದಲ್ಲಿ ಕಿತ್ತುಕೊಂಡ ಹಾಗಾಯಿತು. ಮುಂದಿನ ಸುಳಿವಿಗೆ ಅವರು ಮತ್ತೆ ನಿಮ್ಮ ಹತ್ತಿರವೇ ಬರಬೇಕು.

ಹೀಗೆ ಮಾಡಿ. ಮೊದಲು ಅರ್ಥ ಯಾವ ತುದಿಯಲ್ಲಿದೆ ಅಂತಷ್ಟೇ ಹೇಳಿ. 'ಕೊನೆಯ ಪದ ನೋಡು.' ಹೇಳಿ ಸುಮ್ಮನಿರಿ. ಅವರು 'ಪಟ್ಟಣ' ಅಂತ ಗುರುತು ಹಾಕಿಕೊಳ್ಳಲಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಸೂಚಕ ತೋರಿಸಿ. 'ಒಳಗೆ ಅಂತ ಇದೆಯಲ್ಲ, ಯಾವುದರ ಒಳಗೆ ಯಾವುದು ಹೋಗಬೇಕು?' ಮನುಷ್ಯನ ಒಳಗೆ ಗಾಂಧಾರ. ಆಗಲೂ ಬರದಿದ್ದರೆ ಸಣ್ಣ ತುಂಡನ್ನು ಕೊಡಿ: ಗಾಂಧಾರ ಅಂದರೆ 'ಗ'. ದೊಡ್ಡ ತುಂಡನ್ನು, ಮನುಷ್ಯ ಅಂದರೆ ನರ ಅನ್ನುವುದನ್ನು, ಅವರಿಗೇ ಬಿಡಿ. ನ, ರ, ನಡುವೆ ಗ. 'ನಗರ' ಅನ್ನುವ ಪದ ಅವರ ಬಾಯಿಂದ ಬರಬೇಕು, ನಿಮ್ಮ ಬಾಯಿಂದ ಬರಬಾರದು. ಬಂದ ಮೇಲೆ ಮತ್ತೆ ಸುಳಿವನ್ನು ಮೊದಲಿಂದ ಕೊನೆಯವರೆಗೆ ಓದಿಸಿ. ಯಾವ ಪದವಾದರೂ ಕೆಲಸ ಇಲ್ಲದೆ ಉಳಿದಿದೆಯಾ ಅಂತ ಕೇಳಿ. 'ಮಿಡಿದರೆ' ಅಂತ ಹೇಳುತ್ತಾರೆ. ಅದು 'ಒಳಗೆ' ಜೊತೆ ಸೇರಿ ಸೂಚಕವೇ ಆಗಿದೆ, ಒಳಗೆ ಮಿಡಿಯುವುದು ಅಂದರೆ ಒಳಗೆ ಇರುವುದು. ತೀರಾ ಕಟ್ಟುನಿಟ್ಟಿನವರು ಇದಕ್ಕೂ ತಕರಾರು ಎತ್ತಬಹುದು. ಎತ್ತಲಿ. ಆ ತಕರಾರು ಶುರುವಾದ ದಿನ ಅವರು ಗಂಭೀರವಾಗಿ ಬಿಡಿಸತೊಡಗಿದ್ದಾರೆ ಅಂತ ಅರ್ಥ.

ಬರಹದಲ್ಲಿ ವಿವರಿಸುವಾಗಲೂ ಇದೇ ಕ್ರಮ. ಅರ್ಥದ ಭಾಗಕ್ಕೆ ಅಡಿಗೆರೆ ಹಾಕಿ. ಆಮೇಲೆ ಸೂಚಕ, ಆಮೇಲೆ ತುಂಡುಗಳು, ಕೊನೆಗೆ ಉತ್ತರ. ಓದುವವರು ಎಲ್ಲಿ ಬೇಕಾದರೂ ನಿಂತು, ಉಳಿದದ್ದನ್ನು ತಾವೇ ಬಿಡಿಸುವ ಹಾಗಿರಲಿ.

ವಿವರಿಸಲು ಕೂತಾಗಲೇ ಸುಳಿವಿನ ತಪ್ಪುಗಳೂ ಹೊರಬರುವುದು. ನೆರೆಹೊರೆ ಅನ್ನುವ ಪದಕ್ಕೆ ಸುಳಿವು ಬರೆಯಬೇಕು ಅನ್ನಿ. ನೆರೆ ಅಂದರೆ ಪ್ರವಾಹ, ಹೊರೆ ಅಂದರೆ ಭಾರ, ಸೇರಿದರೆ ಅಕ್ಕಪಕ್ಕ. ಇಂಥ ಪದ ಸಿಕ್ಕರೆ ಯಾರಿಗಾದರೂ ಕೈ ತುರಿಸುತ್ತದೆ. 'ಪ್ರವಾಹದ ಬೆನ್ನಿಗೆ ಭಾರ ಬಿತ್ತು ಅಕ್ಕಪಕ್ಕದವರಿಗೆ' ಅಂತ ಬರೆದರೆ ಕಥೆ ಬಹಳ ಸಹಜ, ಮಳೆಗಾಲದ ಸುದ್ದಿಯ ಹಾಗಿದೆ. ಈಗ ಲೆಕ್ಕ ಕೇಳಿ. 'ಪ್ರವಾಹದ ಬೆನ್ನಿಗೆ ಭಾರ', ನೆರೆಯ ಹಿಂದೆ ಹೊರೆ, ಸರಿ. 'ಬಿತ್ತು' ಏನು ಮಾಡುತ್ತಿದೆ? ಏನೂ ಇಲ್ಲ. 'ಅಕ್ಕಪಕ್ಕದವರಿಗೆ' ಅಂದರೆ ನೆರೆಹೊರೆಯವರಿಗೆ, ನೆರೆಹೊರೆ ಅಲ್ಲ. ಎರಡು ಕಡೆ ಲೆಕ್ಕ ತಪ್ಪಿತು. ತಿದ್ದಿದರೆ ಹೀಗಾಗುತ್ತದೆ:

ಪ್ರವಾಹದ ಬೆನ್ನಿಗೇ ಭಾರ ಕಂಡ ಅಕ್ಕಪಕ್ಕ (4)

ಕಥೆ ಸ್ವಲ್ಪ ಬಿಗಿಯಾಯಿತು, ಸಹಜತೆ ಒಂದು ಚೂರು ಕಡಿಮೆಯಾಯಿತು. ಆದರೆ ಈಗ ಪ್ರತಿ ಪದವೂ ಕೆಲಸ ಮಾಡುತ್ತಿದೆ, ಅರ್ಥವೂ ಉತ್ತರವೂ ಒಂದೇ ರೂಪದಲ್ಲಿವೆ. ಇವೆರಡರಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ಕನ್ನಡದಲ್ಲಿ ಗೂಢ ಪದಬಂಧ ಬೆಳೆಯಬೇಕಾದರೆ ವಿಭಕ್ತಿಯ ವಿಷಯದಲ್ಲಿ ಈಗಿನಿಂದಲೇ ಕಟ್ಟುನಿಟ್ಟಾಗಿರಬೇಕು ಅಂತ ನನ್ನ ನಂಬಿಕೆ. ಸಡಿಲ ಬಿಟ್ಟರೆ ಬಿಡಿಸುವವರು ಸುಳಿವನ್ನು ನಂಬುವುದು ಬಿಡುತ್ತಾರೆ, ಊಹೆ ಮಾಡತೊಡಗುತ್ತಾರೆ.

ನಿಯಮ ಮುರಿದ ಒಳ್ಳೆಯ ಸುಳಿವು ಇಲ್ಲವೇ ಅಂತ ಒಬ್ಬರು ಕೇಳಿದ್ದಾರೆ. ಇದೆ. ಇಂಗ್ಲಿಷಿನಲ್ಲಿ ಬಹಳ ಹಳೆಯದೊಂದು ಇದೆ. ಸುಳಿವಿನಲ್ಲಿ ಎಂಟು ಅಕ್ಷರ ಬರೆದಿರುತ್ತಾರೆ ಅಷ್ಟೇ: ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ. ಉತ್ತರಕ್ಕೆ ಐದಕ್ಷರ. ಎಚ್ ಇಂದ ಓ ವರೆಗೆ, ಅಂದರೆ ಎಚ್ ಟು ಓ. ಉತ್ತರ ವಾಟರ್. ಅದರಲ್ಲಿ ನೇರ ಅರ್ಥದ ಭಾಗವೇ ಇಲ್ಲ, ಝಿಮಿನೀಸ್ ಶಿಸ್ತಿಗೆ ಅದು ಹೊರಗಿನದು. ಆದರೂ ಯಾರಿಗೂ ಅದರ ಮೇಲೆ ಕೋಪ ಬರುವುದಿಲ್ಲ, ಯಾಕೆಂದರೆ ಉತ್ತರ ಕಂಡ ಕ್ಷಣಕ್ಕೆ ಬೇರೆ ಉತ್ತರ ಸಾಧ್ಯವೇ ಇಲ್ಲ ಅಂತ ಗೊತ್ತಾಗುತ್ತದೆ.

ದಿ ಗಾರ್ಡಿಯನ್ ಪತ್ರಿಕೆಗೆ 1958ರಿಂದ ಪದಬಂಧ ಕೊಡುತ್ತಿದ್ದ ಜಾನ್ ಗ್ರಹಾಂ ಅನ್ನುವ ಪಾದ್ರಿ ಇದ್ದರು. ಅವರ ಪದಬಂಧದ ಹೆಸರು ಅರೌಕೇರಿಯಾ, ಒಂದು ಜಾತಿಯ ಮರದ ಹೆಸರು ಅದು. ಅವರು ನಿಯಮಗಳನ್ನು ಸಡಿಲವಾಗಿಯೇ ಇಟ್ಟುಕೊಂಡಿದ್ದರು, ಓದುಗರು ಅವರನ್ನು ಪ್ರಾಣದಂತೆ ಪ್ರೀತಿಸುತ್ತಿದ್ದರು. 2013ರ ಜನವರಿಯಲ್ಲಿ, ಅವರಿಗೆ 91 ವರ್ಷ, ಒಂದು ಪದಬಂಧದ ಮೇಲೆ ಚಿಕ್ಕ ಟಿಪ್ಪಣಿ ಇತ್ತು. ಅರೌಕೇರಿಯಾಗೆ ಇಂತಿಂಥ ಸಂಖ್ಯೆಯ ಉತ್ತರಗಳು ಆಗಿವೆ ಅಂತ. ಜನ ಬಿಡಿಸುತ್ತಾ ಹೋದರು. ಸಿಕ್ಕ ಪದಗಳು ಕ್ಯಾನ್ಸರ್, ಅನ್ನನಾಳ, ನೋವು ಶಮನದ ಆರೈಕೆ. ತಮಗೆ ವಾಸಿಯಾಗದ ಕಾಯಿಲೆ ಬಂದಿದೆ ಅನ್ನುವುದನ್ನು ಅವರು ತಮ್ಮ ಬಿಡಿಸುವವರಿಗೆ ಹೀಗೆ ತಿಳಿಸಿದರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಬರೆಯುವವರಿಗೂ ಬಿಡಿಸುವವರಿಗೂ ನಡುವೆ ಎಂಥ ನಂಟು ಬೆಳೆಯಬಹುದು ಅನ್ನುವುದಕ್ಕೆ ನನಗೆ ಸದಾ ನೆನಪಾಗುವುದು ಇದು. ಮುಖ ನೋಡಿರದ ಜನ, ಆದರೆ ವರ್ಷಗಟ್ಟಲೆ ಒಬ್ಬರ ಯೋಚನೆಯ ಜಾಡು ಹಿಡಿದು ನಡೆದವರು.

ಇನ್ನೊಂದು ಪ್ರಶ್ನೆ, ಶುರು ಮಾಡುವುದು ಹೇಗೆ ಅಂತ. ಅಡಗಿದ ಪದಗಳಿಂದ ಶುರು ಮಾಡಿ. 'ಒಳಗೆ', 'ನಡುವೆ', 'ಅಡಗಿ' ಕಂಡ ಕೂಡಲೇ ಜಾಗ ಅಳಿಸಿ ಓದಿ. ಆಮೇಲೆ ತಿರುಗಿಸುವ ಸುಳಿವು. ಇವೆರಡರಿಂದ ಚೌಕದಲ್ಲಿ ಕೆಲವು ಅಕ್ಷರ ಬಂದರೆ ಉಳಿದವು ಸಡಿಲವಾಗುತ್ತವೆ. ಕನ್ನಡದಲ್ಲಿ ಈ ಸಹಾಯ ಇಂಗ್ಲಿಷಿಗಿಂತ ಜಾಸ್ತಿ. ಅಲ್ಲಿ ಒಂಬತ್ತಕ್ಷರದ ಪದದಲ್ಲಿ ಒಂದಕ್ಷರ ಸಿಕ್ಕರೆ ದೊಡ್ಡ ಪ್ರಯೋಜನ ಆಗುವುದಿಲ್ಲ. ನಮ್ಮಲ್ಲಿ ಮೂರಕ್ಷರದ ಪದದಲ್ಲಿ 'ಳೆ' ಅಂತ ಒಂದು ಮನೆ ಸಿಕ್ಕರೆ ಮೂರರಲ್ಲಿ ಒಂದು ಪಾಲು ಸಿಕ್ಕಿತು, ಸ್ವರದ ಸಮೇತ. ಉತ್ತರ ನೋಡಿಕೊಳ್ಳುವ ಆಸೆ ಬಂದರೆ ನೋಡಿ, ತಪ್ಪೇನಿಲ್ಲ. ಆದರೆ ನೋಡಿದ ಮೇಲೆ ಕೂತು, ಅದು ಯಾಕೆ ಉತ್ತರ ಅಂತ ಒಂದು ಸಾಲು ಬರೆಯಿರಿ. ಕಲಿಯುವುದು ಆ ಒಂದು ಸಾಲಿನಲ್ಲೇ.

ಮನೆಗೆ ಹೋಗುವಾಗ ಇದನ್ನು ತೆಗೆದುಕೊಂಡು ಹೋಗಿ:

ಆತ ಹಾರ ತಂದ ಗಡಿಬಿಡಿ (4)

ಗಡಿಬಿಡಿಗೆ ನಾಲ್ಕಕ್ಷರದ ಪದ ನಿಮಗೆ ಬಸ್ ಸ್ಟಾಪ್ ಮುಟ್ಟುವ ಮೊದಲೇ ಹೊಳೆದೀತು. ಅದು ಬೇಡ. 'ಆತ' ಏನು, 'ಹಾರ' ಏನು, 'ತಂದ' ಯಾಕೆ ಇದೆ, ಅಷ್ಟನ್ನು ಬರೆದು ತನ್ನಿ.